ಕೊಕ್ಕರೆ ಬಿದ್ದ ಭಾನುವಾರ – ಕಂತು ಆರು: ಹೆಗಲ ಮೇಲೆ ತಟ್ಟಿದ ಕೈ

"ಎರಡು," ಎಂದಳು ಕಿವಿ ಅಕ್ಕ.

ಮೇಜಿನ ಮೇಲಿದ್ದ ಪುಟ್ಟ ಹಸಿರು ಸರ್ಕ್ಯೂಟ್ ಹಲಗೆ ಮತ್ತೆ ಕೂಗಿತು. ಪೀ, ಪೀ. ಒಂದು ಉಸಿರಿನಷ್ಟು ಬಿಡುವು. ಪೀ, ಪೀ.

"ಮತ್ತೆ ಎರಡೇ. ಅವತ್ತು ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ಇದು ಹೀಗೇ ಬಡ್ಕೊಂಡಿದೆ ಕಣೋ. ಒಬ್ಬರೂ ಕೇಳಿಸ್ಕೊಂಡಿಲ್ಲ."

ತಮ್ಮ ಉತ್ತರ ಕೊಡಲಿಲ್ಲ. ಅವಳಿಗೆ ಬೆನ್ನು ಹಾಕಿ ಕೂತು, ಗಿರಾಕಿಗಳ ಕಿವಿ ಯಂತ್ರದ ಸಣ್ಣ ಕೊಳವೆಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯ ಮೇಲೆ ಜೋಡಿಸುತ್ತಿದ್ದ. ತಲೆಯನ್ನೂ ಎತ್ತಲಿಲ್ಲ. ಆ ಭಾನುವಾರದ ನಂತರ ಈ ಸದ್ದೆಂದರೇ ಅವನಿಗೆ ವಿಷವಾಗಿರಬೇಕು, ಪಾಪ, ಎಂದುಕೊಂಡು ಅಕ್ಕ ಸ್ವಿಚ್ ಆರಿಸಿದಳು.

ಮೂರು ವಾರದ ಹಿಂದೆ ಹವ್ಯಾಸಿ ಸಂಘದ 'ಕೊಕ್ಕರೆ' ಎಂಬ ರಾಕೆಟ್ಟು ಪ್ಯಾರಾಚೂಟ್ ಕೈಕೊಟ್ಟು ನೆಟ್ಟಗೆ ಕೆಳಗಿಳಿದು ಕಾರ್ಯದರ್ಶಿಯ ಕಾರಿನ ಛಾವಣಿಯನ್ನು ತೂತು ಮಾಡಿತ್ತು. ಎರಡು ನಿಮಿಷ ಮುಂಚೆ ಆ ತೂತಿನ ಕೆಳಗಿನ ಸೀಟಿನಲ್ಲಿ ಅವರ ತಾಯಿ ಕೂತಿದ್ದರು. ಒಳಗಿನ ವಿದ್ಯುತ್ ಕೆಲಸವೆಲ್ಲ ತಮ್ಮನದು. ತಪ್ಪು ಅವನದೇ ಎಂದು ಸಂಘ ಆಗಲೇ ಮುಕ್ಕಾಲು ಪಾಲು ತೀರ್ಮಾನಿಸಿತ್ತು. ಇವತ್ತು ಸಂಜೆ ಆರಕ್ಕೆ ಕಾರ್ಯದರ್ಶಿ ಬರುತ್ತಾರೆ. ಅಷ್ಟರೊಳಗೆ ಬೇರೆ ಕಾರಣ ಬರೆದುಕೊಟ್ಟರೆ ಸರಿ. ಇಲ್ಲವಾದರೆ ತಮ್ಮನ ಹೆಸರು ಪಟ್ಟಿಯಿಂದ ಹೋಗುತ್ತದೆ, ಮೈದಾನಕ್ಕೆ ಅವನು ಮತ್ತೆಂದೂ ಕಾಲಿಡುವಂತಿಲ್ಲ.

ಅಪ್ಪ ತೀರಿಕೊಂಡ ವರ್ಷ ರಟ್ಟಿನ ಕೊಳವೆಯೊಂದನ್ನು ಆಕಾಶಕ್ಕೆ ಹಾರಿಸಿ ಮೊದಲ ಸಲ ನಕ್ಕ ಹುಡುಗ ಅವನು. ಈಗ ಮೂವತ್ತೆರಡು. ಮೂರು ವಾರದಿಂದ ತಟ್ಟೆ ಮುಂದೆ ಕೂತು ಎದ್ದು ಹೋಗುತ್ತಾನೆ. ಮಾತೇ ಇಲ್ಲ. ಸಾಕಿ ಬೆಳೆಸಿದ ಅಕ್ಕ ಆ ತಟ್ಟೆಯನ್ನು ದಿನಾ ಮುಚ್ಚಿಡುತ್ತಾಳೆ.

ಊರಿಗೆಲ್ಲ ಕಿವಿ ಯಂತ್ರ ಹಾಕುವವಳಾದ್ದರಿಂದ ಅವಳು ಕಿವಿ ಅಕ್ಕ. ಕಿವಿ ತೋರಿಸಲು ಬಂದವರು ಮನೆಯ ಗುಟ್ಟನ್ನೂ ಅಲ್ಲೇ ಬಿಚ್ಚಿಟ್ಟು ಹೋಗುತ್ತಿದ್ದರು. ಹಾಗಾಗಿ ಪತ್ತೇದಾರಿಕೆ ಕೇಳದೆಯೇ ಕೊರಳಿಗೆ ಬಿದ್ದಿತ್ತು. ಕಳೆದುಹೋದ ಉಂಗುರ, ಓಡಿಹೋದ ಅಳಿಯ, ಎಲ್ಲವನ್ನೂ ಹುಡುಕಿಕೊಟ್ಟಿದ್ದಾಳೆ. ಸ್ವಂತ ಮನೆಯ ಕೇಸು ಇದೇ ಮೊದಲು.

ಇಲ್ಲಿ ಲೆಕ್ಕವೇನೋ ಸುಲಭ. ಕೊಕ್ಕರೆಯ ಹೊಟ್ಟೆಯಲ್ಲಿ ಎರಡು ಪುಟ್ಟ ಮದ್ದಿನ ಪೊಟ್ಟಣ. ತುತ್ತತುದಿ ಮುಟ್ಟಿದಾಗ ಮೊದಲನೆಯದು ಸಿಡಿದು ಚಿಕ್ಕ ಪ್ಯಾರಾಚೂಟನ್ನು ಹೊರದಬ್ಬಬೇಕು, ವೇಗ ತಗ್ಗಬೇಕು. ನೆಲ ಹತ್ತಿರ ಬಂದಾಗ ಎರಡನೆಯದು ಸಿಡಿದು ದೊಡ್ಡದನ್ನು ಬಿಡಬೇಕು. ಯಾವಾಗ ಸಿಡಿಸಬೇಕು ಎಂದು ಗಾಳಿಯ ಒತ್ತಡ ನೋಡಿ ಹೇಳುವುದು ಈ ಹಸಿರು ಹಲಗೆ, ಅಂದರೆ ಎತ್ತರಮಾಪಕ. ಹಾರುವ ಮುಂಚೆ ಸ್ವಿಚ್ ಹಾಕಿದರೆ ಅದು ತಾನೇ ವರದಿ ಒಪ್ಪಿಸುತ್ತದೆ. ಪೊಟ್ಟಣಗಳಿಗೆ ಹೋಗುವ ಎರಡೂ ತಂತಿ ಕೂಡಿದ್ದರೆ ಮೂರು ಸಲ ಕೂಗು. ಮೊದಲನೆಯದು ಮಾತ್ರ ಇದ್ದರೆ ಒಂದು, ಎರಡನೆಯದು ಮಾತ್ರ ಇದ್ದರೆ ಎರಡು. ಮೂರು ಕೇಳದೆ ಯಾರೂ ರಾಕೆಟ್ಟಿನ ಪಕ್ಕದಿಂದ ಏಳುವಂತಿಲ್ಲ. ಸಂಘದಲ್ಲಿ ಅದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿಲ್ಲ.

ಹಲಗೆಯ ನೆನಪಿನಲ್ಲಿ ಎಲ್ಲವೂ ಉಳಿದಿತ್ತು. ಹಾರುವ ಮುಂಚಿನ ನಾಲ್ಕು ನಿಮಿಷ, ಮೊದಲನೇ ತಂತಿ: ಇಲ್ಲ. ಹಾಗಾಗಿ ಚಿಕ್ಕದು ಹೊರಗೇ ಬರಲಿಲ್ಲ. ಬೀಳುತ್ತಿದ್ದ ಆ ರಭಸದಲ್ಲಿ ದೊಡ್ಡದು ತೆರೆದು ಅದರ ಹಗ್ಗ ಹರಿದುಹೋಯಿತು.

ಆದರೆ ಅವತ್ತಿನ ತಪಾಸಣೆ ಹಾಳೆಯಲ್ಲಿ 'ಮೂರು ಕೇಳಿಸಿತು' ಎಂದು ಸಹಿ ಇದೆ. ಗಡಿಯಾರ ರಿಪೇರಿ ಮಾಡುವ ತಾತನ ಸಹಿ. ಹತ್ತು ವರ್ಷದಿಂದ ಸ್ವಿಚ್ ಹಾಕಿ ಕಿವಿಗೊಡುವ ಕೆಲಸ ಅವರದೇ. ತಾತ ಮೂರು ಅಂದರೆ ಮೂರು. ಅದರ ಮೇಲೆ ಮಾತಿಲ್ಲ.

"ತಮ್ಮಾ."

ಕೊಳವೆ ಒರೆಸುವುದು ನಡೆದೇ ಇತ್ತು.

"ತಮ್ಮಾ," ಎಂದು ಅಕ್ಕ ಎದ್ದು ಮುಂದೆ ಬಂದು ನಿಂತಳು.

"ಆಂ? ಏನಂದೆ?"

"ಮೊದಲನೇ ತಂತಿ ತಿರುಪು ನೀನೇ ಬಿಗಿ ಮಾಡಿದ್ದಾ?"

"ನಾನೇ. ಶನಿವಾರ ಬೆಳಿಗ್ಗೆ. ಮೀಟರ್ ಇಟ್ಟು ನೋಡಿದ್ದೆ, ಎರಡೂ ಸರಿಯಿತ್ತು."

"ಮೈದಾನದಲ್ಲಿ?"

ಅವನು ಅವಳ ತುಟಿ ನೋಡುತ್ತಲೇ ಇದ್ದ. "ತಾತ ಮೂರು ಅಂದ್ರು," ಎಂದು ಹೇಳಿ ಮತ್ತೆ ಕೊಳವೆಗಳಿಗೆ ತಿರುಗಿದ.

ಇಷ್ಟನ್ನು ಮೂರು ವಾರದಲ್ಲಿ ಮೂವತ್ತು ಸಲ ಹೇಳಿದ್ದಾನೆ. ಇದರ ಮೇಲೆ ಒಂದಕ್ಷರ ಹೊರಡುವುದಿಲ್ಲ.

ಅಕ್ಕ ಭೂತಗನ್ನಡಿ ಎಳೆದುಕೊಂಡು ತಿರುಪನ್ನು ಮತ್ತೊಮ್ಮೆ ನೋಡಿದಳು. ತಮ್ಮನ ತಿರುಪುಳಿಯ ಬಾಯಿ ಸಣ್ಣದು, ಅದರ ಗುರುತು ತಿರುಪಿನ ಸೀಳಿನೊಳಗೇ ಇತ್ತು. ಅದರ ಮೇಲೆ ಇನ್ನೊಂದು ಹೊಸ ಗೀರು. ಅಗಲ ಬಾಯಿಯದ್ದು. ಸೀಳಿಗೆ ಸರಿಯಾಗಿ ಕೂರದೆ ಎರಡು ಸಲ ಜಾರಿ ಪಕ್ಕದ ಪ್ಲಾಸ್ಟಿಕ್ಕನ್ನೂ ಕೆರೆದಿತ್ತು. ಯಾರೋ ಆಮೇಲೆ ಬಿಚ್ಚಿದ್ದಾರೆ. ಕಣ್ಣು ಸರಿಯಾಗಿ ಕಾಣದವರ ಹಾಗೆ ತಡಕಾಡಿ ಬಿಚ್ಚಿದ್ದಾರೆ.

ಇನ್ನೊಂದು ಕೆಲಸ ಬಾಕಿಯಿತ್ತು. ಕಿವಿ ಪರೀಕ್ಷೆಯ ಕೋಣೆಯಲ್ಲಿ ಹಲಗೆಯನ್ನಿಟ್ಟು ಅದರ ಕೂಗನ್ನು ಅಳೆದಳು. ಮೂರು ಸಾವಿರದ ಒಂಬೈನೂರು ಹರ್ಟ್ಸ್. ಅವಳು ಇನ್ನೊಮ್ಮೆ ಅಳೆದಳು, ಅದೇ ಬಂತು. ಈ ಅಂಗಡಿಯಲ್ಲಿ ದಿನಾ ಕಾಣುವ ಸಂಖ್ಯೆ ಅದು. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಅಲ್ಲೇ. ಮಾತು ಕೇಳುತ್ತದೆ, ಬಸ್ಸು ಕೇಳುತ್ತದೆ, ಹೆಂಡತಿ ಬೈದರೂ ಕೇಳುತ್ತದೆ. ಇಂಥ ಸಣ್ಣ ಕೀಚಲು ದನಿ ಮಾತ್ರ ಸದ್ದಿಲ್ಲದೆ ಹೊರಟುಹೋಗಿರುತ್ತದೆ.

ಅವಳು ಹಲಗೆಯನ್ನು ಬ್ಯಾಟರಿ ಸಮೇತ ಚೀಲಕ್ಕೆ ಹಾಕಿಕೊಂಡು ಹೊರಟಳು. ಬಾಗಿಲು ತೆಗೆದಾಗ ಗಂಟೆಯ ಜೊತೆಗೆ ಮೇಲಿನ ಕೆಂಪು ದೀಪ ಹೊತ್ತಿ ಆರಿತು. ಹೋದ ವರ್ಷ ತಮ್ಮನೇ ಹಾಕಿಕೊಟ್ಟದ್ದು. ಕಿವಿ ಕೇಳದ ಗಿರಾಕಿಗಳಿಗೆ ಅನುಕೂಲ ಎಂದು ಅಕ್ಕ ಎಲ್ಲರ ಮುಂದೆ ಅವನನ್ನು ಹೊಗಳಿದ್ದಳು.

*

ತಾತನ ಅಂಗಡಿ ಎರಡು ಬೀದಿ ಆಚೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯಾಚೆ ಅಜ್ಜಿಯ ಹೊಲಿಗೆ ಯಂತ್ರ. ಸಂಘದ ಪ್ಯಾರಾಚೂಟುಗಳನ್ನೆಲ್ಲ ಹೊಲಿಯುವವಳು ಅವಳು. ಹಾರುವ ಹಿಂದಿನ ದಿನ ಪೌಡರ್ ಸವರಿ ಮಡಿಸಿ ರಾಕೆಟ್ಟಿನೊಳಗೆ ತುಂಬಿಕೊಡುವವಳೂ ಅವಳೇ.

"ಬಾಮ್ಮ ಬಾ," ಎಂದರು ತಾತ. "ಗಿರಾಕಿ ಹುಡುಕ್ಕೊಂಡು ಬಂದಿದ್ರೆ ವಾಪಸ್ ಹೋಗು. ನನ್ನ ಕಿವಿ ಇನ್ನೂ ಗಟ್ಟಿ."

"ನಿಮ್ಮನ್ನ ನಂಬಿ ಅಂಗಡಿ ಇಟ್ಟಿದ್ರೆ ನಾನು ಯಾವಾಗ್ಲೋ ಮುಚ್ಕೊಂಡು ಹೋಗ್ಬೇಕಿತ್ತು ತಾತ."

ಅವರು ನಕ್ಕರು. ಕೈಯಲ್ಲಿ ಒಂದು ಗೋಡೆ ಗಡಿಯಾರದ ಒಡಲು. ನಡೆಯುತ್ತಿದೆಯೇ ಎಂದು ನೋಡಲು ಅವರು ಅದನ್ನು ಕಿವಿಗೆ ಹಿಡಿಯಲಿಲ್ಲ, ಮೈಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. ಎಷ್ಟು ಸಲ ಇದನ್ನು ನೋಡಿಲ್ಲ ಅವಳು. ಪಳಗಿದ ಕೈ ಎಂದುಕೊಂಡಿದ್ದಳಷ್ಟೇ.

ತಮ್ಮನಿಗೆ ಆ ಮೊದಲ ರಟ್ಟಿನ ರಾಕೆಟ್ಟು ಮಾಡಿಕೊಟ್ಟವರು ಈ ತಾತ. ಅವರ ಮುಂದೆ ಇಂಥ ಆಟ ಆಡಬೇಕಲ್ಲ ಎಂದು ಅಕ್ಕನಿಗೆ ನಾಚಿಕೆಯಾಯಿತು. ಆದರೂ ಚೀಲವನ್ನು ಕಟ್ಟೆಯ ಮೇಲಿಟ್ಟು, ಒಳಗೆ ಕೈ ಹಾಕಿ, ಸ್ವಿಚ್ ಒತ್ತಿದಳು.

ಪೀ, ಪೀ.

"ತಮ್ಮ ಹೇಗಿದ್ದಾನೆ? ಊಟ ಮಾಡ್ತಾನಾ?"

ಪೀ, ಪೀ.

"ಅಷ್ಟಕ್ಕಷ್ಟೇ ತಾತ."

"ಅವನ ತಪ್ಪಲ್ಲ ಅಂತ ಕಾರ್ಯದರ್ಶಿಗೆ ನೂರು ಸಲ ಹೇಳಿದೆ. ಹಲ್ಲು ಕೀಳೋ ಡಾಕ್ಟ್ರು ಅವರು, ಒಂದು ಸಲ ಇಕ್ಕಳ ಹಾಕಿದ್ರೆ ಬಿಡೋ ಪೈಕಿ ಅಲ್ಲ."

ಪೀ, ಪೀ. ಅಕ್ಕ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಒಂಬತ್ತು ಸುತ್ತು. ಹತ್ತು. ಹನ್ನೊಂದು. ತಾತ ಗಡಿಯಾರದ ಮುಳ್ಳಿಗೆ ಎಣ್ಣೆ ಬಿಡುತ್ತಾ ಹಾಯಾಗಿ ಮಾತಾಡುತ್ತಲೇ ಇದ್ದರು.

ಪರದೆ ಸರಿಯಿತು. "ಏನೇ ಅದು, ಒಂದೇ ಸಮನೆ ಕೂಗ್ತಿರೋದು?" ಎನ್ನುತ್ತಾ ಅಜ್ಜಿ ಹೊರಗೆ ಬಂದಳು. ಕಣ್ಣಿನ ಆಪರೇಷನ್ ಆದಮೇಲೆ ಹಾಕಿಕೊಂಡ ಕಪ್ಪು ಕನ್ನಡಕ ಇನ್ನೂ ಇತ್ತು. ಚೀಲ ನೋಡಿದಳು. ಅಕ್ಕನ ಮುಖ ನೋಡಿದಳು.

ಆಮೇಲೆ, ಏನೂ ಆಗದವಳ ಹಾಗೆ ಗಂಡನ ಹಿಂದೆ ಹೋಗಿ ನಿಂತು, ಅವರ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಎರಡು ಸಲ ತಟ್ಟಿದಳು.

"ಅದೇನಮ್ಮ ಚೀಲದಲ್ಲಿ, ಎರಡು ಕೂಗ್ತಿದೆಯಲ್ಲ," ಎಂದರು ತಾತ ತಕ್ಷಣ. "ಮೊದಲನೇ ತಂತಿ ಹಿಡಿದಿಲ್ಲ, ನೋಡು."

ಅಂಗಡಿಯಲ್ಲಿ ಗಡಿಯಾರಗಳ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಜ್ಜಿಯ ಕೈ ಹೆಗಲು ಮುಟ್ಟುವಷ್ಟರಲ್ಲಿ ಅಕ್ಕ ಸ್ವಿಚ್ ಆರಿಸಿಬಿಟ್ಟಿದ್ದಳು.

"ಈಗ ಏನೂ ಕೂಗ್ತಿಲ್ಲ ತಾತ," ಎಂದಳು ಅವಳು.

ತಾತ ಎಣ್ಣೆಯ ಸೂಜಿ ಕೆಳಗಿಟ್ಟರು. ಅಜ್ಜಿ ಕೈ ತೆಗೆಯಲಿಲ್ಲ. ಅಲ್ಲೇ ಇಟ್ಟುಕೊಂಡು ನಿಂತಳು.

"ಎಷ್ಟು ದಿನದಿಂದ?"

"ಮೂರು ವರ್ಷ ಆಗಿರ್ಬೇಕು," ಎಂದರು ತಾತ. ದನಿ ಇದ್ದಕ್ಕಿದ್ದಂತೆ ಸಣ್ಣದಾಗಿತ್ತು. "ಮೊದಮೊದಲು ಅನುಮಾನ. ಆಮೇಲೆ ಈ ಪೀ ಪೀ ಪೂರ್ತಿ ಹೋಯ್ತು. ನಿನ್ನ ಹತ್ರ ಬರೋಣ ಅಂತ ನಿನ್ನ ಬೀದಿ ತನಕ ಬಂದು ಎಷ್ಟು ಸಲ ವಾಪಸ್ ಹೋಗಿದ್ದೀನೋ. ಗಡಿಯಾರದವನಿಗೆ ಕಿವಿ ಹೋಯ್ತು ಅಂದ್ರೆ ಯಾರಮ್ಮ ಗಡಿಯಾರ ತರ್ತಾರೆ?"

"ಅದಕ್ಕೇ ನಾನು ಪಕ್ಕದಲ್ಲಿ ನಿಲ್ತಿದ್ದೆ," ಎಂದಳು ಅಜ್ಜಿ. "ಪ್ಯಾರಾಚೂಟ್ ಹೊಲಿದವಳು, ನೋಡ್ತಾಳೆ ಬಿಡು ಅಂತ ಎಲ್ಲರೂ ಸುಮ್ಮನಿದ್ರು. ಮೂರು ಕೇಳಿದ್ರೆ ಮೂರು ತಟ್ತಿದ್ದೆ. ಒಂದು ದಿನವೂ ತಪ್ಪಿಲ್ಲ."

"ಅವತ್ತು?"

"ಅವತ್ತು ನಾನೆಲ್ಲಿದ್ದೆ. ಶುಕ್ರವಾರ ಆಪರೇಷನ್ ಆಗಿತ್ತು. ಧೂಳಿಗೆ ಕಾಲಿಡಬಾರದು ಅಂತ ಕಣ್ಣಿನ ಡಾಕ್ಟ್ರು ಹೇಳಿದ್ರು. ಇದೊಂದು ವಾರ ಬಿಡಿ ಅಂತ ಇವರ ಕಾಲು ಹಿಡ್ಕೊಳ್ಳೋದೊಂದು ಬಾಕಿ."

ತಾತ ತಲೆ ತಗ್ಗಿಸಿದರು. "ಹೋದೆ. ಸ್ವಿಚ್ ಹಾಕಿ, ಮಂಡಿಯೂರಿ, ರಾಕೆಟ್ಟಿನ ತೂತಿಗೆ ಕಿವಿ ಇಟ್ಟೆ. ಏನೂ ಇಲ್ಲ. ಮಂಡಿ ನೋವು ಅಂತ ನೆಪ ಹೇಳಿ ನಿಲ್ಲಿಸಿಬಿಡೋಣ ಅಂತಿದ್ದೆ ಕಣಮ್ಮ, ಆಣೆಗೂ. ಅಷ್ಟರಲ್ಲಿ ಹೆಗಲ ಮೇಲೆ ಒಂದು ಕೈ ಬಿತ್ತು. ಒಂದು, ಎರಡು, ಮೂರು. ಥೇಟ್ ಇವಳ ಹಾಗೇ. ಜೀವ ಬಂದ ಹಾಗಾಯ್ತು. ಎದ್ದು ಬಂದು ಸಹಿ ಹಾಕಿದೆ."

"ಯಾರ ಕೈ?"

ತಾತ ಎಣ್ಣೆಯ ಸೂಜಿಯನ್ನು ಸುಮ್ಮನೆ ಆಚೀಚೆ ಸರಿಸಿದರು.

"ಅಜ್ಜಿ ಇಲ್ದಿದ್ರೆ ರಾಕೆಟ್ ಹತ್ರ ಇಬ್ಬರೇ ಇರೋದಲ್ವಾ ತಾತ. ಸ್ವಿಚ್ ಹಾಕೋರು, ತಂತಿ ಕೆಲಸ ಮಾಡಿದೋರು."

"ಗೊತ್ತಿದ್ದೂ ಕೇಳ್ತೀಯಲ್ಲಮ್ಮ," ಎಂದರು ಅವರು. "ಇವಳು ತಟ್ಟೋದನ್ನ ಆ ಹುಡುಗ ಯಾವಾಗ್ಲೋ ನೋಡ್ಕೊಂಡಿದ್ದಾನೆ. ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಈಗ ನಾನು ಬಾಯಿ ಬಿಟ್ರೆ, ಎರಡು ಕೂಗ್ತಿರುವಾಗ ಮೂರು ಯಾಕೆ ತಟ್ಟಿದೆ ಅಂತ ಅವನನ್ನೇ ಹಿಡ್ಕೊಳ್ತಾರೆ. ಅದಕ್ಕೇ ಸುಮ್ಮನಿದ್ದೆ."

ತಮ್ಮನೂ ಅದಕ್ಕೇ ಸುಮ್ಮನಿದ್ದ. ತಟ್ಟಿದ್ದು ನಾನು ಎಂದರೆ ತಾತನಿಗೆ ಕಿವಿ ಕೇಳುವುದಿಲ್ಲ ಎಂಬುದು ಬಯಲಾಗುತ್ತದೆ. ಮೂರು ವಾರದಿಂದ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಅಕ್ಕನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಳ್ಳಬೇಕು ಎನಿಸಿತು.

ಆದರೆ ತಿರುಪು ಇನ್ನೂ ಉಳಿದಿತ್ತು. ಅವಳ ಕಣ್ಣು ತಾತನ ಕಟ್ಟೆಯ ಮೇಲೆ ಓಡಿತು. ಸಾಲಾಗಿ ಹನ್ನೆರಡು ತಿರುಪುಳಿಗಳು, ಎಲ್ಲವೂ ಸೂಜಿಯಂಥವು. ಇವುಗಳಲ್ಲಿ ಯಾವುದೂ ಅಲ್ಲ. ಅರ್ಧ ಸರಿದ ಪರದೆಯಾಚೆ ಹೊಲಿಗೆ ಯಂತ್ರ ಕಾಣುತ್ತಿತ್ತು. ಅದರ ಬುಡದಲ್ಲಿ ಎಣ್ಣೆ ಡಬ್ಬಿ, ಪೌಡರ್ ಡಬ್ಬಿ, ಪಕ್ಕದಲ್ಲಿ ಹೆಬ್ಬೆರಳಿನಷ್ಟು ಗಿಡ್ಡ ತಿರುಪುಳಿ. ಅಗಲ ಬಾಯಿಯದ್ದು.

"ಅಲ್ಲಿ ನೋಡ್ಬೇಡ," ಎಂದಳು ಅಜ್ಜಿ. "ನಾನೇ ಹೇಳ್ತೀನಿ."

ತಾತ ಗಕ್ಕನೆ ಹೆಂಡತಿಯ ಕಡೆ ತಿರುಗಿದರು.

"ಶನಿವಾರ ಸಂಜೆ ಪ್ಯಾರಾಚೂಟ್ ಮಡಿಸಿ ತುಂಬೋಕೆ ಕೊಕ್ಕರೆ ಇಲ್ಲೇ ಇತ್ತಲ್ಲ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣಲ್ಲಿ ನೀರು. ಈ ಮನುಷ್ಯ ನಾಳೆ ಒಬ್ಬರೇ ಹೋಗಿ ಕೇಳದ ಕಿವಿ ಇಟ್ಟು ಮೂರು ಅಂತಾರಲ್ಲ ಅಂತ ಎದೆಯೆಲ್ಲ ಡವಡವ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಅದಕ್ಕೆ ಮೊದಲನೇ ತಂತಿ ಸಡಿಲ ಮಾಡಿದೆ."

"ಏನಂದೆ?" ಎಂದರು ತಾತ. ಈ ಸಲ ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು.

"ಸಡಿಲ ಆದ್ರೆ ಎರಡೇ ಕೂಗುತ್ತೆ. ಎರಡು ಕೂಗಿದ್ರೆ ಹಾರಿಸೋ ಹಾಗಿಲ್ಲ. ಇವರಿಗೆ ಕೇಳದಿದ್ರೂ ಪಕ್ಕದಲ್ಲಿ ಆ ಹುಡುಗ ಇರ್ತಾನೆ, ಅವನು ಕೇಳಿಸ್ಕೊಂಡು ನಿಲ್ಲಿಸ್ತಾನೆ ಅಂತ ನಂಬಿದ್ದೆ." ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊತ್ತಿಕೊಂಡಳು. "ಮೂರು ವಾರದಿಂದ ನಿದ್ದೆ ಇಲ್ಲ ನನಗೆ. ಆ ತಾಯಿ ಕಾರಲ್ಲೇ ಕೂತಿದ್ದಿದ್ರೆ ನಾನು ಕೊಲೆಗಾರ್ತಿ ಆಗ್ತಿದ್ದೆ. ಎಲ್ಲ ಒಪ್ಕೊಳ್ತೀನಿ. ಒಂದು ಮಾತ್ರ ಎಷ್ಟು ಯೋಚಿಸಿದ್ರೂ ಅರ್ಥ ಆಗ್ತಿಲ್ಲ."

"ಏನು?"

"ಅಷ್ಟು ಹತ್ರ ನಿಂತು ಅವನು ಮೂರು ಯಾಕೆ ತಟ್ಟಿದ? ಕೆಟ್ಟ ಬುದ್ಧಿಯವನಲ್ಲ. ಆತುರದವನೂ ಅಲ್ಲ. ಅವನ ಕಿವಿ ಚೆನ್ನಾಗಿದೆ ಅಲ್ವೇನೇ? ನೀನೇ ಪರೀಕ್ಷೆ ಮಾಡಿರ್ತೀಯಲ್ಲ."

ಅಕ್ಕ ಚೀಲ ಎತ್ತಿಕೊಂಡಳು.

ಊರಿನ ಕಿವಿಗಳನ್ನೆಲ್ಲ ಪರೀಕ್ಷೆ ಮಾಡಿದ್ದಳು. ಪೋಸ್ಟ್‌ಮ್ಯಾನ್‌ದು, ಬಸ್ ಡ್ರೈವರ್‌ದು, ಕಾರ್ಯದರ್ಶಿಯ ತಾಯಿಯದೂ. ತಮ್ಮನದನ್ನು ಮಾಡಿರಲಿಲ್ಲ.

*

ವಾಪಸ್ ಬರುವಾಗ ಕಾಲು ತಾನೇ ನಡೆಯುತ್ತಿತ್ತು. ತಲೆಯೊಳಗೆ ಒಂದೊಂದೇ ಬಂದು ಕೂರುತ್ತಿತ್ತು. ಬಾಗಿಲಿನ ಕೆಂಪು ದೀಪ. ಬಟ್ಟೆ ಒಗೆಯುವ ಯಂತ್ರಕ್ಕೂ ಒಂದು ದೀಪ ಹಾಕಿದ್ದ, ಚೆಂದಕ್ಕೆ ಎಂದಿದ್ದ. ಫೋನು ಯಾವಾಗಲೂ ಅಂಗಿ ಜೇಬಿನಲ್ಲಿ ನಡುಗುತ್ತಿತ್ತೇ ಹೊರತು ಒಂದು ದಿನವೂ ಸದ್ದು ಮಾಡಿದ್ದಿಲ್ಲ. ಎದುರಿಗೆ ಬಂದು ನಿಂತರೆ ಉತ್ತರ, ಬೆನ್ನ ಹಿಂದಿನಿಂದ ಕರೆದರೆ ಮೌನ. ದುಃಖ ಎಂದುಕೊಂಡಿದ್ದಳು ಅವಳು, ಪಾಪ ಎಂದುಕೊಂಡಿದ್ದಳು. ಮೀಟರ್ ಇಟ್ಟು ನೋಡಿದ್ದೆ ಎಂದನೇ ಹೊರತು ಮೂರು ಕೇಳಿಸಿತು ಎಂದು ಅವನು ಒಂದು ಸಲವೂ ಹೇಳಿರಲಿಲ್ಲ. ಹಾಗಾದರೆ ಆ ಮೀಟರನ್ನು ನಂಬಿಯೇ ಮೂರು ತಟ್ಟಿದನೇ?

ಅಪ್ಪನಿಗೂ ಮೂವತ್ತಕ್ಕೇ ಶುರುವಾಗಿತ್ತು. ಅಪ್ಪನ ಕಿವಿಯ ಸಲುವಾಗಿಯೇ ಅವಳು ಈ ಕೆಲಸ ಕಲಿತದ್ದು.

ಇರಲಿಕ್ಕಿಲ್ಲ, ಎಂದುಕೊಂಡಳು. ಹಾಗೆ ಇರಲಿಕ್ಕಿಲ್ಲ. ಸುಮ್ಮನೆ ಹೆದರುತ್ತಿದ್ದೇನೆ.

ಆರಕ್ಕೆ ಇನ್ನು ಹತ್ತು ನಿಮಿಷ. ಮುಂಬಾಗಿಲು ತೆಗೆದರೆ ದೀಪ ಹೊತ್ತುತ್ತದೆ. ಅವಳು ಹಿಂಬಾಗಿಲಿನಿಂದ ಒಳಗೆ ಹೋದಳು. ಅವಳು ಹೋಗುವಾಗ ಕೂತಿದ್ದ ಜಾಗದಲ್ಲೇ ತಮ್ಮ ಕೂತಿದ್ದ. ಕೊಳವೆಗಳು ಮುಗಿದಿದ್ದವು, ಈಗ ಡಬ್ಬಿಗಳನ್ನು ಒರೆಸುತ್ತಿದ್ದ. ಕತ್ತಿನ ಹಿಂದೆ ಕೂದಲು ಬೆಳೆದು ಕಾಲರ್ ಮುಟ್ಟುತ್ತಿತ್ತು. ಕ್ಷೌರಕ್ಕೂ ಹೋಗಿಲ್ಲ ಹುಡುಗ.

ಅವನ ಬೆನ್ನ ಹಿಂದೆ ನಿಂತು, ಹಲಗೆಯನ್ನು ಹೊರತೆಗೆದು, ಅವನ ಕಿವಿಗೆ ಒಂದು ಗೇಣು ದೂರದಲ್ಲಿ ಹಿಡಿದು ಸ್ವಿಚ್ ಹಾಕಿದಳು.

ಪೀ, ಪೀ.

ತಿರುಗೋ, ಎಂದುಕೊಂಡಳು. ಬೈದರೂ ಪರವಾಗಿಲ್ಲ, ತಿರುಗು.

ಪೀ, ಪೀ.

ತಮ್ಮ ಒಂದು ಡಬ್ಬಿ ಮುಚ್ಚಿ ಇನ್ನೊಂದನ್ನು ಎತ್ತಿಕೊಂಡ.

ಅವಳು ಹನ್ನೊಂದು ಸುತ್ತು ಎಣಿಸಿದಳು. ಹನ್ನೆರಡನೆಯದನ್ನು ಎಣಿಸಲಾಗಲಿಲ್ಲ. ಹಲಗೆ ಕೂಗುತ್ತಿದ್ದಂತೆಯೇ ಅದನ್ನು ಮೇಜಿನ ಮೇಲೆ ಅವನ ಕಣ್ಣೆದುರಿಗೆ ಇಟ್ಟು, ಅವನ ಹೆಗಲ ಮೇಲೆ ಕೈ ಹಾಕಿದಳು. ಒಂದು ಸಲ ತಟ್ಟಿದಳು. ಎರಡು ಸಲ ತಟ್ಟಿದಳು. ನಿಲ್ಲಿಸಿದಳು.

ಬಟ್ಟೆ ಹಿಡಿದ ಅವನ ಕೈ ಗಾಳಿಯಲ್ಲೇ ನಿಂತಿತು. ಮೂರನೆಯದಕ್ಕಾಗಿ ಅವನು ಕಾದ. ಅದು ಬರುವುದಿಲ್ಲ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಕ್ಕ," ಎಂದ ಅವನು, ತಿರುಗದೆ. "ಅವತ್ತೂ ಎರಡೇನಾ?"

ಮುಂಬಾಗಿಲಿನ ಮೇಲೆ ಕೆಂಪು ದೀಪ ಹೊತ್ತಿಕೊಂಡಿತು. ಕಾರ್ಯದರ್ಶಿ ಬಾಗಿಲು ತಳ್ಳಿಕೊಂಡು ವರದಿಗಾಗಿ ಬಂದು ನಿಂತಿದ್ದರು.